ದೋಣಿಯ ಚರಿತ್ರೆಯೂ ದೋಣಿ ಕಟ್ಟಿದ ಕೈಯೂ

೧

ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೌಕಾಬಲವನ್ನು ಹೊಗಳುತ್ತ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ನೂರಾರು ನಾವೆಗಳನ್ನು ಮದಗಜಗಳಿಗೆ ಹೋಲಿಸಿದ್ದಾನೆ. ಈ ಪುರಿಯು ಮುಂಬಯಿ ಬಂದರಿನ ನಡುವಣ ಘಾರಾಪುರಿ, ಎಂದರೆ ಎಲಿಫೆಂಟಾ ದ್ವೀಪ, ಎಂಬುದು ಹಲವು ವಿದ್ವಾಂಸರ ಮತ. ಹಾಗಿದ್ದರೆ ಕನ್ನಡನಾಡಿನ ಅರಸನ ನಾವೆಗಳು ಮುಂಬಯಿಯ ನೀರಿಗೆ ಬಂದುದಕ್ಕೆ ಇದು ಬಹು ಹಳೆಯ ಸಾಕ್ಷ್ಯವಾಗುತ್ತದೆ. ಉಪಮೆಯು ಭವ್ಯವಾದುದೇ ಸರಿ. ಆದರೆ ಆ ನಾವೆಗಳನ್ನು ಯಾರು ಕಟ್ಟಿದರು, ಯಾವ ಕಾಡಿನ ಮರದಿಂದ ಕಟ್ಟಿದರು, ಹಲಗೆಗೆ ಹಲಗೆಯನ್ನು ಹೇಗೆ ಕೂಡಿಸಿದರು ಎಂಬುದನ್ನು ಶಾಸನವು ತಿಳಿಸುವುದಿಲ್ಲ. ತಿಳಿಸಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಪ್ರಶಸ್ತಿಶಾಸನದ ಉದ್ದೇಶವೇ ಬೇರೆ.

ಮುಂಬಯಿಯ ಉಪನಗರವಾದ ಬೊರಿವಲಿಯಲ್ಲಿ ಏಕಸರ ಎಂಬ ಹಳ್ಳಿಯಿದೆ. ಅಲ್ಲಿರುವ ವೀರಗಲ್ಲುಗಳು ೧೧ರಿಂದ ೧೩ನೆಯ ಶತಮಾನದೊಳಗಿನವೆಂದು ಬಲ್ಲವರು ಹೇಳುತ್ತಾರೆ. ಉತ್ತರ ಕೊಂಕಣದ ಶಿಲಾಹಾರರ ಕಾಲದ ಕಡಲಕಾಳಗವು ಅವುಗಳಲ್ಲಿ ಕೆತ್ತಲ್ಪಟ್ಟಿದೆ. ನಾವೆಗಳ ಪಕ್ಕದಲ್ಲಿ ಸಾಲುಸಾಲಾಗಿ ಇಳಿಬಿಟ್ಟ ಹುಟ್ಟುಗಳನ್ನು ಈಗಲೂ ಎಣಿಸಬಹುದು. ವೀರಗಲ್ಲಿನ ಸಂಪ್ರದಾಯವನ್ನು ಬಲ್ಲ ಕನ್ನಡಿಗನಿಗೆ ಇದು ಪರಿಚಿತವಾದ ಭಾಷೆಯೇ: ಕೆಳಗೆ ಕದನ, ನಡುವೆ ಸಾವು, ಮೇಲೆ ಸ್ವರ್ಗ. ಇಲ್ಲಿಯೂ ಕಾಣುವವರು ಕಾದಿದವರು ಮತ್ತು ಹುಟ್ಟು ಹಾಕಿದವರು. ನಾವೆಯನ್ನು ಕಟ್ಟಿದವನಿಗೆ ಕಲ್ಲಿನಲ್ಲಿ ಎಡೆಯಿಲ್ಲ.

ಕನ್ನಡ ಕಾವ್ಯದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಹನ್ನೆರಡನೆಯ ಶತಮಾನದ ಚೌಡಯ್ಯನು ಅಂಬಿಗನೆಂಬ ತನ್ನ ಕಾಯಕದ ಹೆಸರನ್ನೇ ಅಂಕಿತದಲ್ಲಿ ಧರಿಸಿದನು. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದರು. ಕುವೆಂಪು ಅವರ ದೋಣಿಯ ಹಾಡು ನಾಡಿನ ಶಾಲೆಗಳಲ್ಲೆಲ್ಲ ಮೊಳಗಿತು. ಅಂಬಿಗನು ದೋಣಿಯನ್ನು ನಡೆಸುವವನೇ ಹೊರತು ಕಟ್ಟುವವನಲ್ಲ. ಕನ್ನಡದ ಮನಸ್ಸಿಗೆ ದೋಣಿಯು ಪ್ರಿಯವಾದ ಪ್ರತೀಕ. ಆದರೆ ಆ ಪ್ರತೀಕವು ಸಾಮಾನ್ಯವಾಗಿ ನೀರನ್ನು ಮುಟ್ಟಿದ ಮೇಲೆಯೇ ಹುಟ್ಟುತ್ತದೆ. ದಡದಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಮರವನ್ನು ದೋಣಿಯಾಗಿಸಿದ ಕೆಲಸವು ಅದರ ಹೊರಗೇ ಉಳಿದಿದೆ.

ಕವಿಯ ಮೌನವನ್ನು ಕ್ಷಮಿಸಬಹುದು. ದೋಣಿಯ ವಿಷಯವಾಗಿಯೇ ಬರೆದ ವಿದ್ವದ್ಗ್ರಂಥಗಳಲ್ಲಿ ಕಟ್ಟುವ ಕೈಗೆ ಎಷ್ಟು ಎಡೆಯಿದೆ ಎಂಬುದು ಮಾತ್ರ ವಿಚಾರಾರ್ಹವಾದ ಪ್ರಶ್ನೆ. ಈ ದೃಷ್ಟಿಯಿಂದ ಮೂರು ಪ್ರಸಿದ್ಧ ಗ್ರಂಥಗಳನ್ನು ಪರಿಶೀಲಿಸಬಹುದು.

೨

ಮೊದಲನೆಯದು ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸ. ಭಾರತೀಯರಿಗೆ ಕಡಲೆಂದರೆ ಭಯವೆಂದು ನಂಬಿದ್ದ ಕಾಲದಲ್ಲಿ ಆ ನಂಬಿಕೆಯನ್ನು ಮುರಿದ ಕೀರ್ತಿ ಈ ಗ್ರಂಥಕ್ಕೆ ಸಲ್ಲಬೇಕು. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವನ್ನು ಅದು ವಿದ್ವಲ್ಲೋಕದ ಮುಂದಿಟ್ಟಿತು. ಆ ಸಂಸ್ಕೃತ ಗ್ರಂಥದಲ್ಲಿ ನಾವೆಯ ಮರಕ್ಕೆ ನಾಲ್ಕು ವರ್ಣಗಳನ್ನು ಹೇಳಿದೆ. ಹಗುರ ಹಾಗೂ ಮೆದುವಾದ ಮರ ಬ್ರಾಹ್ಮಣ. ಹಗುರವಾದರೂ ಗಟ್ಟಿಯಾದುದು ಕ್ಷತ್ರಿಯ. ಮೆದುವಾದರೂ ಭಾರವಾದುದು ವೈಶ್ಯ. ಭಾರವೂ ಗಟ್ಟಿಯೂ ಆದುದು ಶೂದ್ರ. ಕ್ಷತ್ರಿಯ ಮರದ ನಾವೆಯು ಸಂಪತ್ತನ್ನು ತರುತ್ತದೆಂದು ಅದರ ಅಭಿಪ್ರಾಯ. ಮುಖರ್ಜಿಯವರು ಇದನ್ನು ಪ್ರಾಚೀನ ಶಾಸ್ತ್ರದ ಹಿರಿಮೆಗೆ ಸಾಕ್ಷಿಯಾಗಿ ಎತ್ತಿಹಿಡಿಯುತ್ತಾರೆ. ಆದರೆ ವರ್ಣದ ಹೊದಿಕೆಯನ್ನು ಸರಿಸಿ ನೋಡಿದರೆ ಅಡಿಯಲ್ಲಿ ಕಾಣುವುದು ಬಡಗಿಯ ಪರೀಕ್ಷೆ: ಮರವನ್ನು ಎತ್ತಿ ತೂಕ ನೋಡುವುದು, ಉಳಿಯಿಟ್ಟು ಗಟ್ಟಿತನ ನೋಡುವುದು. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಮರವೇ ದೋಣಿಗೆ ಲೇಸೆಂಬುದನ್ನು ಕೈಯೇ ಮೊದಲು ಅರಿತಿರಬೇಕು. ಶಾಸ್ತ್ರವು ಅದಕ್ಕೆ ಹೆಸರಿಟ್ಟಿತು.

ಅದೇ ಗ್ರಂಥದಲ್ಲಿ ಕಡಲ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆಂಬ ವಿಧಿಯಿದೆ. ಸಮುದ್ರದಲ್ಲಿರುವ ಅಯಸ್ಕಾಂತದ ಬಂಡೆಗಳು ನಾವೆಯನ್ನು ಸೆಳೆದುಕೊಳ್ಳುತ್ತವೆಂಬುದು ಅದಕ್ಕೆ ಕೊಟ್ಟ ಕಾರಣ. ಇದರೊಡನೆ ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನ ಮಾತನ್ನು ಇಟ್ಟು ನೋಡಬೇಕು. ಹೊನ್ನಾವರವನ್ನು ಕಣ್ಣಾರೆ ಕಂಡಿದ್ದ ಈತನು ಭಾರತ ಮತ್ತು ಯೆಮೆನ್ ದೇಶಗಳ ನಾವೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವರೆಂದು ತಿಳಿಸಿ, ಅದಕ್ಕೆ ಕಾರಣವನ್ನೂ ಹೇಳಿದ್ದಾನೆ: ಮೊಳೆ ಹೊಡೆದ ನಾವೆಯು ಬಂಡೆಗೆ ತಗುಲಿದರೆ ಒಡೆಯುತ್ತದೆ, ಹೊಲಿದ ನಾವೆಯು ಬಾಗಿ ತಾಳಿಕೊಳ್ಳುತ್ತದೆ. ಒಂದೇ ಪದ್ಧತಿಗೆ ಎರಡು ವಿವರಣೆಗಳು. ಒಂದು ಓಲೆಯ ಮೇಲಿನದು, ಇನ್ನೊಂದು ಕಡಲಿಗರ ನಡುವೆ ಬದುಕಿದವನದು. ಪಶ್ಚಿಮ ಕರಾವಳಿಯ ತೆರೆಗಳ ನಡುವೆ ದೋಣಿಯನ್ನು ಮರಳಿಗೆ ಎಳೆದು ತಂದವರಿಗೆ ಎರಡನೆಯದು ಸತ್ಯವೆಂದು ಬೇರೆ ಹೇಳಬೇಕಾಗಿಲ್ಲ. ಗ್ರಂಥವನ್ನೇ ಪ್ರಮಾಣವೆಂದು ಹಿಡಿದ ಚರಿತ್ರೆಗೆ ವಿಧಿಯು ದೊರೆಯುತ್ತದೆ, ವಿಧಿಯ ಹಿಂದಿನ ವಿವೇಕವು ಕೈತಪ್ಪುತ್ತದೆ.

ಎರಡನೆಯದು ಜೇಮ್ಸ್ ಹಾರ್ನೆಲ್ ಅವರ ೧೯೨೦ರ ಪ್ರಬಂಧ. ಭಾರತದ ದೋಣಿಗಳ ಮೂಲವೂ ಅವುಗಳ ಜನಾಂಗೀಯ ಮಹತ್ವವೂ ಅದರ ವಿಷಯ. ಮದರಾಸು ಸರಕಾರದ ಮೀನುಗಾರಿಕೆಯ ಇಲಾಖೆಯಲ್ಲಿ ದುಡಿದ ಹಾರ್ನೆಲ್ ಮೀನುಗಾರರ ದೋಣಿಗಳನ್ನು ಸ್ವತಃ ನೋಡಿ ಬರೆದವರು; ಈ ವಿಷಯದಲ್ಲಿ ಅವರು ಮುಖರ್ಜಿಯವರಿಗಿಂತ ಒಂದು ಹೆಜ್ಜೆ ಮುಂದು. ಆದರೆ ಅವರ ಕುತೂಹಲವೆಲ್ಲ ಈ ಆಕಾರವು ಎಲ್ಲಿಂದ ಬಂತೆಂಬ ಕಡೆಗೇ ಹರಿಯುತ್ತದೆ. ಕೊಂಕಣ ಮತ್ತು ಕನ್ನಡ ಕರಾವಳಿಯ ಸಣ್ಣ ದೋಣಿಗಳಲ್ಲಿ ಒಂದು ಪಕ್ಕಕ್ಕೆ ಎರಡು ಕೋಲುಗಳನ್ನು ಚಾಚಿ, ಅವುಗಳ ತುದಿಗೆ ತೇಲುವ ಮರದ ತುಂಡನ್ನು ಕಟ್ಟಿರುತ್ತಾರೆ. ಇಂಥ ರಚನೆಯಲ್ಲಿ ಹಾರ್ನೆಲ್ ಪಾಲಿನೇಷ್ಯದ ಜನರ ಪ್ರಾಚೀನ ಸಂಪರ್ಕವನ್ನು ಗುರುತಿಸುತ್ತಾರೆ. ಅದು ನಿಜವೇ ಆಗಿರಬಹುದು. ಆದರೆ ಆ ಕೋಲನ್ನು ಕಟ್ಟುವವನ ಕಷ್ಟವೇ ಬೇರೆ. ಒಂದೇ ಮರವನ್ನು ಕೊರೆದು ಮಾಡಿದ ದೋಣಿಯು ಮರದ ಅಗಲವನ್ನು ಮೀರಲಾರದು. ಇಕ್ಕಟ್ಟಾದ ದೋಣಿ ಬೇಗ ಸಾಗುತ್ತದೆ. ಬೇಗ ಮಗುಚುತ್ತದೆ ಕೂಡ. ಪಕ್ಕದ ತೇಲುಮರವು ಒಡಲನ್ನು ಹಿಗ್ಗಿಸದೆಯೇ ದೋಣಿಯ ನೆಲೆಯನ್ನು ಅಗಲಗೊಳಿಸುತ್ತದೆ. ಆಕಾರಕ್ಕೆ ವಂಶವಿರುವಂತೆಯೇ ಪ್ರಯೋಜನವೂ ಇದೆ. ಸಾವಿರ ವರ್ಷ ಒಂದು ಆಕಾರ ಉಳಿದುಬಂದರೆ ಅದಕ್ಕೆ ವಂಶಕ್ಕಿಂತ ಪ್ರಯೋಜನವೇ ಹೆಚ್ಚಿನ ಕಾರಣವಾಗಿರಬೇಕು.

ಮೂರನೆಯದು ಮುಂಬಯಿಯದೇ ಆದ ಗ್ರಂಥ: ರತನ್‌ಜಿ ಅರ್ದೇಶಿರ ವಾಡಿಯಾ ಅವರು ಮುಂಬಯಿ ಹಡಗುಕಟ್ಟೆಯನ್ನೂ ವಾಡಿಯಾ ಮನೆತನದ ಹಡಗುಶಿಲ್ಪಿಗಳನ್ನೂ ಕುರಿತು ೧೯೫೫ರಲ್ಲಿ ಪ್ರಕಟಿಸಿದ ಚರಿತ್ರೆ. ೧೭೩೬ರಲ್ಲಿ ಸೂರತಿನಿಂದ ಕೆಲವು ಬಡಗಿಗಳೊಡನೆ ಬಂದ ಲವ್‌ಜಿ ನುಸರ್ವಾನ್‌ಜಿ ವಾಡಿಯಾನಿಂದ ಈ ಕಥೆ ಮೊದಲಾಗುತ್ತದೆ. ೧೭೫೦ರಲ್ಲಿ ಇಲ್ಲಿ ಒಣಕಟ್ಟೆ ಸಿದ್ಧವಾಯಿತು. ೧೮೧೦ರಲ್ಲಿ ನೀರಿಗಿಳಿದ 'ಮಿಂಡನ್' ಬ್ರಿಟನ್ನಿನ ಹೊರಗೆ ಆ ನೌಕಾಪಡೆಗಾಗಿ ಕಟ್ಟಿದ ಮೊದಲ ದೊಡ್ಡ ಸಾಲುಯುದ್ಧದ ಹಡಗು. ೧೮೧೩ರ 'ಕಾರ್ನ್‌ವಾಲಿಸ್' ಹಡಗಿನ ಮೇಲೆ ೧೮೪೨ರಲ್ಲಿ ನಾನ್‌ಕಿಂಗ್ ಒಪ್ಪಂದವು ನಡೆಯಿತು. ೧೮೧೭ರ 'ಟ್ರಿಂಕೋಮಲೀ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಮುಂಬಯಿಯ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಾಗಿಲ್ಲ. ಒಂದು ಮನೆತನದ ಕೌಶಲವನ್ನು ಹೆಸರು, ಪೀಳಿಗೆ, ಹಡಗುಗಳ ಸಮೇತ ದಾಖಲಿಸಿದ ಈ ಗ್ರಂಥದ ಉಪಕಾರ ಚಿಕ್ಕದಲ್ಲ.

ಆದರೂ ಅದರ ರಚನೆಯೇ ಅದರ ಮಿತಿಯನ್ನು ಸೂಚಿಸುತ್ತದೆ. ಹಡಗಿಗೆ ಹೆಸರಿದೆ, ಮುಖ್ಯಶಿಲ್ಪಿಗೆ ಹೆಸರಿದೆ. ತೇಗದ ಮರವನ್ನು ಪಶ್ಚಿಮ ಘಟ್ಟದಲ್ಲಿ ಕಡಿದು ಹೊಳೆಗೆ ಇಳಿಸಿದವರಿಗೆ, ಹಲಗೆ ಕೊಯ್ದವರಿಗೆ, ಸಂದಿಗೆ ಹತ್ತಿ ತುಂಬಿದವರಿಗೆ ಹೆಸರಿಲ್ಲ. ಹೆಸರಿಲ್ಲದವುಗಳಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಯೂ ಒಂದು. ಪ್ರತಿಯೊಂದು ದೊಡ್ಡ ಹಡಗೂ ದಡವನ್ನು ಮುಟ್ಟಲು ಅದನ್ನೇ ಅವಲಂಬಿಸಿತ್ತು. ಮುಂಬಯಿಯು ಏಳು ದ್ವೀಪಗಳಾಗಿದ್ದಾಗ ಅವುಗಳ ನಡುವೆ ಓಡಾಡಿದುದೂ ಅದೇ. ವರಳಿ, ಮಾಹಿಮ, ವರ್ಸೋವಾ, ಮಢಗಳ ಕೋಳಿ ಜನರ ಬಾಳು ಅದರ ಮೇಲೆ ನಿಂತಿತ್ತು. ಆದರೆ ಹಡಗುಕಟ್ಟೆಯ ಚರಿತ್ರೆಯಲ್ಲಿ ಅದಕ್ಕೆ ಅಧ್ಯಾಯವಿಲ್ಲ.

೩

ಹಾಗಾದರೆ ಈ ಗ್ರಂಥಗಳ ಹೊರಗುಳಿದ ಕೆಲಸವಾದರೂ ಯಾವುದು? ಯುರೋಪಿನಲ್ಲಿ ಇತ್ತೀಚಿನ ಶತಮಾನಗಳಲ್ಲಿ ಬೆಳೆದ ಪದ್ಧತಿಯಂತೆ ಮೊದಲು ಪಕ್ಕೆಲುಬುಗಳ ಹಂದರವನ್ನು ನಿಲ್ಲಿಸಿ, ಅದರ ಮೇಲೆ ಹಲಗೆಯನ್ನು ಹೊದಿಸುತ್ತಾರೆ. ಹಂದರಕ್ಕೆ ನಕ್ಷೆ ಬೇಕು. ಪಶ್ಚಿಮ ಕರಾವಳಿಯ ಹಳೆಯ ಪದ್ಧತಿಯಲ್ಲಿ ಕ್ರಮವು ತಿರುವುಮುರುವು. ಅಡಿಯ ಮರವನ್ನು ಮಲಗಿಸಿ, ಮುಂದಕ್ಕೂ ಹಿಂದಕ್ಕೂ ಒಂದೊಂದು ಮರವನ್ನು ನಿಲ್ಲಿಸಿ, ಹಲಗೆಗೆ ಹಲಗೆಯನ್ನು ಕೂಡಿಸುತ್ತ ಒಡಲನ್ನು ಮೊದಲು ಬೆಳೆಸುತ್ತಾರೆ. ಬೆಂಕಿಯ ಶಾಖ ತೋರಿಸಿ, ನೀರು ಚಿಮುಕಿಸಿ ಹಲಗೆಯನ್ನು ಬಾಗಿಸುತ್ತಾರೆ. ಎರಡು ಅಂಚುಗಳ ನಡುವೆ ಬೆಳಕು ನುಸುಳದಂತಾಗುವವರೆಗೆ ಹೆರೆಯುತ್ತಾರೆ. ಒಡಲು ರೂಪುಗೊಂಡ ಮೇಲೆಯೇ, ತಾನಾಗಿ ಬಾಗಿ ಬೆಳೆದ ಕೊಂಬೆಗಳನ್ನು ಆರಿಸಿ ಪಕ್ಕೆಲುಬುಗಳನ್ನು ಒಳಗೆ ಕೂರಿಸುವುದು. ಸಂದಿಗೆ ಹತ್ತಿ ಇಲ್ಲವೆ ನಾರು, ಮೇಲೆ ಮರದ ಅಂಟು ಹಾಗೂ ಎಣ್ಣೆ. ಇಲ್ಲಿ ನಕ್ಷೆಯು ಕಾಗದದ ಮೇಲಿಲ್ಲ, ಕಣ್ಣಿನಲ್ಲಿದೆ.

ಹುಟ್ಟು ಹಾಕುವ ದೋಣಿಯಲ್ಲಿ ಈ ಕಣ್ಣಿನ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಹಾಯಿದೋಣಿಯನ್ನು ಗಾಳಿ ನಡೆಸುತ್ತದೆ, ಇದನ್ನು ಮನುಷ್ಯನ ಬೆನ್ನು ನಡೆಸುತ್ತದೆ. ದೋಣಿಯ ಅಗಲ ಹೆಚ್ಚಿದರೆ ಹುಟ್ಟಿನ ಉದ್ದ ಹೆಚ್ಚಬೇಕು, ಹುಟ್ಟಿನ ಉದ್ದ ಹೆಚ್ಚಿದರೆ ಕೈಗೆ ಭಾರ. ಕೂರುವ ಅಡ್ಡಹಲಗೆಯು ನಾಲ್ಕು ಬೆರಳು ಮೇಲಾದರೆ ದೋಣಿ ಓಲಾಡುತ್ತದೆ, ಕೆಳಗಾದರೆ ತೋಳು ಸೋಲುತ್ತದೆ. ಆದುದರಿಂದ ಒಳ್ಳೆಯ ಬಡಗಿಯು ಮರದ ಅಳತೆಯೊಡನೆ ಅದನ್ನು ನಡೆಸುವವನ ಮೈಯ ಅಳತೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತಾನೆ. ಹೊಲಿದ ದೋಣಿಯ ಹುರಿಯನ್ನು ಕಾಲಕಾಲಕ್ಕೆ ಬಿಚ್ಚಿ ಹೊಸದಾಗಿ ಹೊಲಿಯಬೇಕಾಗಿತ್ತು. ಎಂದರೆ ಕಟ್ಟುವ ಕೆಲಸವು ಒಮ್ಮೆಗೆ ಮುಗಿಯುವಂಥದಲ್ಲ. ಅದು ದೋಣಿಯ ಆಯುಷ್ಯದುದ್ದಕ್ಕೂ ನಡೆಯುವ ಕೆಲಸ.

ಇಂಥ ವಿದ್ಯೆಯು ಎರಡೇ ಎಡೆಗಳಲ್ಲಿ ಬಾಳುತ್ತದೆ: ಕೈಯಲ್ಲಿ ಮತ್ತು ಮಾತಿನಲ್ಲಿ. ಮಾತಿನ ಕಡೆಗೆ ನೋಡಿದರೆ ಕನ್ನಡದ ಸ್ಥಿತಿ ವಿಚಾರಕ್ಕೆ ಹಚ್ಚುವಂತಿದೆ. 'ದೋಣಿ' ಎಂಬುದನ್ನು ಸಂಸ್ಕೃತದ ದ್ರೋಣಿಗೆ ಜೋಡಿಸುವವರಿದ್ದಾರೆ, ತಮಿಳಿನ ತೋಣಿಯೊಡನೆ ಸೇರಿಸುವವರೂ ಇದ್ದಾರೆ. ಕನ್ನಡದಲ್ಲಿ ಅದಕ್ಕೆ ದನಗಳಿಗೆ ನೀರಿಡುವ ತೊಟ್ಟಿಯೆಂಬ ಅರ್ಥವೂ ಉಂಟು; ಕೊರೆದ ಮರದ ನೆನಪು ಆ ಶಬ್ದದಲ್ಲೇ ಉಳಿದಿದೆ. 'ಹುಟ್ಟು' ಅಡುಗೆಮನೆಯ ಮರದ ಸೌಟೂ ಹೌದು. ಹೊಳೆಯ ದೋಣಿಯ ಮಾತುಗಳು ಹೀಗೆ ಮನೆಯ ಮಾತುಗಳಾದರೆ, ಕಡಲಿನ ಮಾತುಗಳು ಕಡಲಿನಿಂದಲೇ ಬಂದುವು: ಚುಕ್ಕಾಣಿ ಮತ್ತು ಮಾಲುಮಿ ಅರಬ್ಬಿಯಿಂದ, ಲಂಗರು ಮತ್ತು ಬಂದರು ಪಾರಸಿಯಿಂದ. ಇವೆಲ್ಲವೂ ನಡೆಸುವವನ ಮಾತುಗಳೆಂಬುದು ಗಮನಾರ್ಹ. ಅಡಿಯ ಮರಕ್ಕೆ, ಪಕ್ಕೆಲುಬಿಗೆ, ಹಲಗೆಯ ಸಂದಿಗೆ ಏನೆನ್ನಬೇಕೆಂದು ಕೇಳಿದರೆ ವಿದ್ಯಾವಂತ ಕನ್ನಡಿಗನು ಇಂಗ್ಲಿಷಿಗೆ ಕೈಚಾಚುತ್ತಾನೆ. ಮರಾಠಿಯಲ್ಲಿ ಅಡಿಯ ಮರಕ್ಕೆ 'ಪಠಾಣ' ಎಂಬ ಶಬ್ದವು ಮೋಲ್ಸ್‌ವರ್ತ್ ಅವರ ನಿಘಂಟಿನಲ್ಲಿಯೇ ಸೇರಿದೆ. ಕನ್ನಡ ಕರಾವಳಿಯ ಬಡಗಿಗಳಲ್ಲಿ ಶಬ್ದಗಳಿಲ್ಲವೆಂದು ಇದರ ಅರ್ಥವಲ್ಲ; ಅವು ಬರೆಹದ ಕನ್ನಡಕ್ಕೆ ಏರಿಬರಲಿಲ್ಲವೆಂದು ಅರ್ಥ.

೪

ಇದು ಕೇವಲ ಹಳೆಯದರ ಹಂಬಲವೆಂದು ತಳ್ಳಿಹಾಕುವಂತಿಲ್ಲ. ೨೦೨೫ರ ಮೇ ೨೧ರಂದು ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹಾಯಿಹಡಗು ಭಾರತೀಯ ನೌಕಾಪಡೆಗೆ ಸೇರಿತು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದರ ಆಧಾರದಿಂದ ಗೋವೆಯಲ್ಲಿ ಅದನ್ನು ಕಟ್ಟಿದರು. ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದರು. ಹಳೆಯ ನಕ್ಷೆಗಳಾವುವೂ ಉಳಿದಿರಲಿಲ್ಲ. ಚಿತ್ರವು ಆಕಾರವನ್ನು ಕೊಟ್ಟಿತು, ವಿಜ್ಞಾನಿಗಳು ಲೆಕ್ಕವನ್ನು ಕೊಟ್ಟರು. ಹೊಲಿಯುವುದು ಹೇಗೆಂಬುದನ್ನು ಮಾತ್ರ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೇರಳದಿಂದ ಬಂದ ಕುಶಲಕರ್ಮಿಗಳ ಕೈಯಿಂದಲೇ ಪಡೆಯಬೇಕಾಯಿತು. ಆ ಕೈಗಳೂ ಇಲ್ಲದಿದ್ದರೆ ಅಜಂತೆಯ ಹಡಗು ಗೋಡೆಯ ಮೇಲೆಯೇ ಉಳಿಯುತ್ತಿತ್ತು. ಮೂರು ಗ್ರಂಥಗಳ ಮೇಲಣ ಆಕ್ಷೇಪಕ್ಕೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆ ಬೇಕಿಲ್ಲ.

ಮುಂಬಯಿಯ ಕೋಳಿವಾಡಗಳಲ್ಲಿ ಮೊದಲು ಯಂತ್ರದ ದೋಣಿ, ಬಳಿಕ ಫೈಬರ್ ದೋಣಿ ಬಂದು ನೆಲೆಸಿವೆ. ಮೀನುಗಾರನಿಗೆ ಅವು ಅನುಕೂಲವೇ. ಅವನು ಮರದ ದೋಣಿಯಲ್ಲೇ ದುಡಿಯಬೇಕೆನ್ನಲು ದಡದಲ್ಲಿ ನಿಂತವರಿಗೆ ಅಧಿಕಾರವಿಲ್ಲ. ಆದರೆ ಅಚ್ಚಿನಲ್ಲಿ ಎರಕವಾಗುವ ದೋಣಿಗೆ ಹಲಗೆಯ ಸಂದಿಯಿಲ್ಲ. ಸಂದಿಯಿಲ್ಲದೆಡೆ ಅದರ ಹೆಸರೂ ಉಳಿಯದು. ವಿದ್ವಾಂಸರಿಗೆ ಉಳಿದಿರುವ ಕಾಲ ಹಳೆಯ ಬಡಗಿಗಳ ಆಯುಷ್ಯದಷ್ಟೇ.

ಈ ಕೆಲಸಕ್ಕೆ ಮುಂಬಯಿಯ ಕನ್ನಡಿಗರಷ್ಟು ತಕ್ಕವರು ವಿರಳ. ಕನ್ನಡ, ತುಳು, ಕೊಂಕಣಿ, ಮರಾಠಿಗಳನ್ನು ಒಂದೇ ದಿನದಲ್ಲಿ ಆಡುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಅಂಕೋಲೆ, ಹೊನ್ನಾವರ, ಮಲ್ಪೆಗಳ ನಂಟು ಇನ್ನೂ ಕಡಿದಿಲ್ಲ. ವರ್ಸೋವಾ, ಗೊರಾಯಿಗಳು ಸ್ಥಳೀಯ ರೈಲಿನ ದೂರದಲ್ಲಿವೆ. ಊರಿನ ಕಡಲತಡಿಯಲ್ಲಿ ನೂಲಹುಣ್ಣಿಮೆಯಂದು ಸಮುದ್ರಪೂಜೆಯಾದರೆ ಅದೇ ದಿನ ಕೋಳಿ ಜನರು ನಾರಳಿ ಪೂರ್ಣಿಮೆಯೆಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಹಬ್ಬ ಒಂದೇ ಆದಂತೆ ದೋಣಿಯ ಶಬ್ದಗಳಲ್ಲಿಯೂ ಎಷ್ಟು ಒಂದೇ, ಎಷ್ಟು ಬೇರೆ ಎಂಬುದನ್ನು ಎರಡು ದಡಗಳಲ್ಲಿ ಕೇಳಿ ಬರೆದುಕೊಂಡರೆ, ಗ್ರಂಥಗಳು ಬಿಟ್ಟ ಅಧ್ಯಾಯವು ತುಂಬೀತು. ರವಿಕೀರ್ತಿಯ ಮದಗಜಗಳನ್ನು ಕಟ್ಟಿದವರ ಹೆಸರು ಇನ್ನು ದೊರೆಯಲಾರದು. ಅವರ ಕಸುಬಿನ ಹೆಸರುಗಳಾದರೂ ದೊರೆತರೆ ಅದು ಸಣ್ಣ ಲಾಭವಲ್ಲ.