ಅಂಗೈ ಗಣಕಗಳ ಸಾಲಿನಲ್ಲಿ ಸಿಂಪ್ಯೂಟರ್

ಕೈಯಲ್ಲಿ ಹಿಡಿದು ಆಟವಾಡುವ ಗಣಕಗಳನ್ನು ಮಂಗಳೂರಿನ ನಮ್ಮ ವಿದ್ಯಾರ್ಥಿಗಳು ಒಂದಕ್ಕೊಂದು ಹೋಲಿಸಿ ವಾದಿಸುವುದನ್ನು ಈಚೆಗೆ ಕೇಳುತ್ತಿದ್ದೇನೆ. 2022ರ ಸ್ಟೀಮ್ ಡೆಕ್ ಮತ್ತು 2023ರ ರಾಗ್ ಅಲೈ, ಇವೆರಡರ ಮೊದಲ ಮಾದರಿಗಳಲ್ಲೂ 40 ವ್ಯಾಟ್-ಗಂಟೆಯ ಬ್ಯಾಟರಿ ಇತ್ತು. ಅಲೈಯ ಸಂಸ್ಕಾರಕ 30 ವ್ಯಾಟ್‌ವರೆಗೆ ಬಳಸಬಲ್ಲದು. ಭಾಗಿಸಿ ನೋಡಿ, ಪರದೆಯ ಪಾಲನ್ನು ಬಿಟ್ಟರೂ ಸಿಗುವುದು 80 ನಿಮಿಷ! ಇಂಥ ಲೆಕ್ಕ ಹಾಕುವ ಹುಡುಗರಿಗೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಅಂಗೈ ಗಣಕದ ಹೆಸರು ಮಾತ್ರ ಗೊತ್ತಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಕೂಡಿ ರೂಪಿಸಿದ ಸಿಂಪ್ಯೂಟರಿನ ಮೂಲಮಾದರಿ 2001ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಅದರೊಳಗಿದ್ದುದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ. ಅದು ಬಳಸುತ್ತಿದ್ದುದು ಅರ್ಧ ವ್ಯಾಟ್‌ಗಿಂತಲೂ ಕಡಿಮೆ. ಆ ಕಾಲದ ದುಬಾರಿ ಸಾಧನವಾದ ಕಾಂಪ್ಯಾಕ್ ಐಪ್ಯಾಕ್‌ನಲ್ಲೂ ಇದೇ ಸಂಸ್ಕಾರಕ, ಅಷ್ಟೇ ಬಿಂದುಗಳ ಪರದೆ. ಅಂದರೆ ಯಂತ್ರಾಂಶದಲ್ಲಿ ನಮ್ಮದು ಯಾರಿಗೂ ಕಡಿಮೆ ಇರಲಿಲ್ಲ. 16 ಮೆಗಾಹರ್ಟ್ಸ್‌ನ ಪಾಮ್ ಎಂ100 ಇದರ ಮುಂದೆ ಆಟಿಕೆಯೇ ಸರಿ. ಆದರೆ ಆ ಆಟಿಕೆ ಎರಡು ಸಣ್ಣ ಸೆಲ್‌ಗಳಲ್ಲಿ ವಾರಗಟ್ಟಲೆ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಪ್ರತಿಸ್ಪರ್ಧಿಗಳು ಯೋಚಿಸದ ಎರಡು ಸಂಗತಿಗಳನ್ನು ಸಿಂಪ್ಯೂಟರ್ ಯೋಚಿಸಿತ್ತು. ಒಂದು ಸಾಧನವನ್ನು ಊರಿನ ಹಲವರು ಹಂಚಿಕೊಂಡು, ತಂತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಓದು ಬಾರದವರಿಗೆ ಕನ್ನಡವನ್ನು ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶವಿತ್ತು. ನನ್ನ ಮಟ್ಟಿಗೆ ಇದರ ನಿಜವಾದ ಸಾಧನೆ ಇದೇ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಭೌತವಿಜ್ಞಾನದ ಅಧ್ಯಾಪಕರಿಗೆ ಇನ್ನೂ ಕುತೂಹಲಕರ. ಅದರಲ್ಲಿ ವೇಗೋತ್ಕರ್ಷ ಮಾಪಕವಿತ್ತು. ಸಾಧನವನ್ನು ವಾಲಿಸಿದರೆ ಗುರುತ್ವದ ಒಂದು ಘಟಕ ಪರದೆಯ ತಲಕ್ಕೆ ಸಮಾಂತರವಾಗಿ ಸಿಗುತ್ತದೆ. 30 ಡಿಗ್ರಿ ವಾಲಿಸಿದರೆ ಅದು g ಯ ಅರ್ಧ, ಸುಮಾರು 4.9 ಮೀ/ಸೆ². ಇದರ ನೆರವಿನಿಂದ ಪುಟ ತಿರುವಬಹುದು, ಗೋಲಿ ಉರುಳಿಸುವ ಆಟ ಆಡಬಹುದು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ಗಮನಿಸಿ. ಕಡ್ಡಿಯಿಂದ ಪರದೆಯ ಮೇಲೆ ಕನ್ನಡದಲ್ಲಿ ಗೀಚಿ ಇ-ಅಂಚೆಯಲ್ಲಿ ಕಳಿಸಲೂ ಬರುತ್ತಿತ್ತು. ಇದು ಜಾಣತನವೇನೋ ಹೌದು. ಆದರೆ ಗೀಚಿದ್ದು ಬರಿಯ ಚಿತ್ರ. ಅದರೊಳಗೆ ಒಂದು ಪದವನ್ನು ಹುಡುಕಲಾಗದು.

ಸೋತದ್ದು ಬೆಲೆಯಲ್ಲಿ. 2001ರಲ್ಲಿ ಹೇಳಿದ್ದು ಸುಮಾರು 9,000 ರೂಪಾಯಿ, ಅದೂ ದೊಡ್ಡ ಸಂಖ್ಯೆಯಲ್ಲಿ ತಯಾರಾದರೆ. 2004ರಲ್ಲಿ ಬಣ್ಣದ ಪರದೆಯ ಮಾದರಿಗೆ ಅದರ ಎರಡರಷ್ಟು ತೆರಬೇಕಾಯಿತು. ಅಷ್ಟರಲ್ಲಿ ಪಾಮ್ ಕಂಪನಿ 99 ಡಾಲರಿಗೆ ಝೈರ್ ಮಾರುತ್ತಿತ್ತು, ಹಳ್ಳಿಗಳಿಗೆ ಮೊಬೈಲ್ ಫೋನು ಕಾಲಿಟ್ಟಿತ್ತು. ಮೊದಲ ವರ್ಷ 50,000 ಮಾರುವ ಗುರಿಯಿದ್ದರೂ ಮಾರಾಟವಾದವು ಸುಮಾರು 4,000 ಎಂದು 2005ರಲ್ಲಿ ವರದಿಯಾಯಿತು. ಹೆಚ್ಚು ತಯಾರಾಗದೆ ಬೆಲೆ ಇಳಿಯದು, ಬೆಲೆ ಇಳಿಯದೆ ಹೆಚ್ಚು ಮಾರಾಟವಾಗದು. ಈ ಸುಳಿಯಿಂದ ಅದು ಹೊರಬರಲಿಲ್ಲ. ಬಡವರಿಗೆಂದು ಮಾಡಿದ್ದನ್ನು ಬಡವರು ಕೊಳ್ಳಲಾರದೆ ಹೋದರು. ಹಂಚಿಕೊಳ್ಳುವ ಯೋಜನೆಗೆ ಸರ್ಕಾರವೋ ಸಹಕಾರ ಸಂಘವೋ ಬಂಡವಾಳ ಹೂಡದೆ ಗತಿಯಿರಲಿಲ್ಲ.

ನಿಮ್ಮ ಕಾಲೇಜಿನ ಕಪಾಟಿನಲ್ಲಿ ಒಂದು ಅಮಿಡಾ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಮೊದಲು ಅದರ ಹಿಂಬದಿ ಬಿಚ್ಚಿ ವಿದ್ಯಾರ್ಥಿಗಳಿಗೆ ತೋರಿಸಿ.