ನೊಂದವರ ಪರ ವಕಾಲತ್ತು

ಕ್ರಿಮಿನಲ್ ಮೊಕದ್ದಮೆಯಲ್ಲಿ ಸರ್ಕಾರ ಒಂದು ಕಡೆ, ಆರೋಪಿ ಇನ್ನೊಂದು ಕಡೆ. ಏಟು ತಿಂದವರು ಬರೀ ಸಾಕ್ಷಿ. ಅಂಥವರ ಪರ ನಿಲ್ಲುವ ವಕೀಲರ ಕಸುಬಿನ ಬಗ್ಗೆ ನನಗೆ ಅಪಾರ ಗೌರವ. ಖಾನಾಪುರದ ಕಾಡಂಚಿನ ಊರಿಂದ ಬಂದ ತಾಯಿಗೆ ಎಫ್‌ಐಆರ್ ಓದಿ ಹೇಳಬೇಕು, ಆರೋಪಿಯ ಜಾಮೀನಿಗೆ ತಕರಾರು ಹಾಕಬೇಕು, ಆಸ್ಪತ್ರೆಯ ಚೀಟಿಗಳನ್ನು ಒಂದೊಂದಾಗಿ ಲಗತ್ತಿಸಿ ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಬರೆಯಬೇಕು. ಆರೋಪಿ ಪತ್ತೆಯಾಗದಿದ್ದರೂ ಆ ಪರಿಹಾರ ಕೇಳಬಹುದು ಎಂಬುದು ಎಷ್ಟು ಮಂದಿಗೆ ಗೊತ್ತು!

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದವಳ ಜೊತೆ ಹೋದನೆಂದು ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಚಿಕಿತ್ಸೆಯಲ್ಲಿದ್ದ ಆಕೆಯನ್ನು ಅನುಮತಿಯಿಲ್ಲದೆ ಯಾರೂ, ರಾಜಕೀಯ ಪಕ್ಷದವರೂ, ಭೇಟಿಯಾಗಕೂಡದೆಂದು ಆದೇಶಿಸಿತು. ನೊಂದ ಹೆಣ್ಣಿಗೆ ನೆಮ್ಮದಿಯಾಗಿ ಮಲಗುವ ಹಕ್ಕೂ ಇದೆಯೆಂದು ನೆನೆದ ಆ ಆದೇಶ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಆರೋಪಿ ಖುಲಾಸೆಯಾದರೆ? ಸಂತ್ರಸ್ತರು ವಿಶೇಷ ಅನುಮತಿ ಬೇಡದೆ ನೇರವಾಗಿ ಮೇಲ್ಮನವಿ ಹಾಕಬಹುದೆಂದು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ನ್ಯಾಯಮೂರ್ತಿ ಮದನ್ ಲೋಕೂರ್ ಆ ತೀರ್ಪು ಬರೆಯುವ ಹೊತ್ತಿಗೆ ಮೂಲ ದೂರುದಾರರು ತೀರಿಕೊಂಡಿದ್ದರು; ಅವರ ವಾರಸುದಾರರ ಹೆಸರಿನಲ್ಲಿ ವ್ಯಾಜ್ಯ ಮುಂದುವರಿದಿತ್ತು.