ಹರೆಯಕ್ಕೊಂದು ಕಪಾಟು ಬೇಕು

ಈ ವಾರದ ಓದು ಸಾಂಡ್ರಾ ಸಿಸ್ನೆರೋಸ್ ಅವರ ‘ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’. 1984ರಲ್ಲಿ ಬಂದ ತೆಳ್ಳನೆಯ ಪುಸ್ತಕ. ಶಿಕಾಗೊ ನಗರದ ಬಡವರ ಓಣಿಯಲ್ಲಿ, ಮೆಕ್ಸಿಕೊ ಮೂಲದ ಮನೆಯಲ್ಲಿ ಬೆಳೆಯುವ ಎಸ್ಪೆರಾನ್ಸಾ ಎಂಬ ಹುಡುಗಿ ತನ್ನ ಸುತ್ತಲಿನವರ ಕತೆಯನ್ನು ತುಣುಕು ತುಣುಕಾಗಿ ಹೇಳುತ್ತಾಳೆ. ಅವಳ ಗೆಳತಿ ಸ್ಯಾಲಿಗೆ ಮನೆಯಲ್ಲಿ ಅಪ್ಪನ ಹೊಡೆತ. ಅದರಿಂದ ಪಾರಾಗಲು ಅವಳು ಶಾಲೆ ಕಲಿಯುವ ವಯಸ್ಸಿನಲ್ಲೇ, ಅಷ್ಟು ಚಿಕ್ಕವರ ಮದುವೆಗೆ ಕಾನೂನಿನ ಅಡ್ಡಿಯಿಲ್ಲದ ಬೇರೊಂದು ರಾಜ್ಯದಲ್ಲಿ ಮದುವೆಯಾಗುತ್ತಾಳೆ. ಗಂಡ ಫೋನಿನಲ್ಲಿ ಮಾತಾಡಗೊಡುವುದಿಲ್ಲ, ಕಿಟಕಿಯಿಂದ ಹೊರಗೆ ನೋಡಗೊಡುವುದಿಲ್ಲ. ಸ್ಯಾಲಿ ಮನೆಯೊಳಗಿನ ಟವೆಲು, ರೊಟ್ಟಿ ಸುಡುವ ಯಂತ್ರ, ನೆಲದ ಹಾಸಿನ ಮೇಲೆ ಅಚ್ಚಾದ ಗುಲಾಬಿ ಹೂಗಳನ್ನು ನೋಡುತ್ತ ಕೂರುತ್ತಾಳೆ. ಬಾಲ್ಯವಿವಾಹ ಕೆಟ್ಟದ್ದೆಂಬ ಒಂದು ಮಾತೂ ಅಲ್ಲಿಲ್ಲ. ಎಸ್ಪೆರಾನ್ಸಾ ಕಂಡದ್ದನ್ನು ಹೇಳಿ ಸುಮ್ಮನಾಗುತ್ತಾಳೆ. ಓದುವ ಹುಡುಗಿಗೆ ಅಷ್ಟೇ ಸಾಕು. ಅದೇ ದಾರಿಯಲ್ಲಿ ಬಂದ ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ 2018ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದರಲ್ಲಿ ಡೊಮಿನಿಕನ್ ಮನೆಯ ತಾಯಿ ಮಗಳ ಕವಿತೆಯ ನೋಟ್‌ಬುಕ್ಕನ್ನೇ ಸುಟ್ಟುಹಾಕುತ್ತಾಳೆ. ಈ ಬರಹಗಾರ್ತಿಯರನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ನಮ್ಮ ಗದಗ ಸೀಮೆಯ ಶಿರೋಳದಲ್ಲೋ ರೋಣದಲ್ಲೋ ಹೈಸ್ಕೂಲು ಕಲಿಯುವ ಹುಡುಗಿ ಕನ್ನಡದಲ್ಲಿ ತನ್ನ ವಯಸ್ಸಿನ ಕತೆಯನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ಇನ್ನು ಮುಂದಿನದೆಲ್ಲ ಅದರದೇ ಮಾತು.

ನಮ್ಮಲ್ಲಿ ಇಂಥ ಬದುಕು ಬರವಣಿಗೆಗೆ ಬಂದಿಲ್ಲ ಎನ್ನುವಂತಿಲ್ಲ. ‘ಮ್ಯಾಂಗೋ ಸ್ಟ್ರೀಟ್’ ಬಂದ ಆಸುಪಾಸಿನಲ್ಲೇ, 1980ರ ದಶಕದ ಆರಂಭದಲ್ಲಿ, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಾಸರಗೋಡಿನಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳಂ ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಬರೆದವರು ಅವರು. ಎರಡು ಭಾಷೆಗಳ ನಡುವಿನ ಈ ಬಾಳು ಸಿಸ್ನೆರೋಸ್ ಅವರದರಿಂದ ಬಹಳ ದೂರದ್ದಲ್ಲ. ಕಾದಂಬರಿಯ ನಾದಿರಾ ಅಪ್ಪನ ಹಟ, ತಲಾಖು, ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆ ಇವುಗಳಲ್ಲಿ ಸಿಕ್ಕಿ ನೀರುಪಾಲಾಗುತ್ತಾಳೆ. ಆ ಕಾಲಕ್ಕೆ ಅದನ್ನು ಬರೆಯಲು ಎದೆಗಾರಿಕೆ ಬೇಕಿತ್ತು, ಇಂದಿಗೂ ಅದು ದೊಡ್ಡ ಕೃತಿಯೇ. ಆದರೂ ಅಲ್ಲಿರುವುದು ಹೆಂಡತಿಯ ದುಃಖ, ತಾಯಿಯ ದುಃಖ. ಹುಡುಗಿಯಾಗಿ ನಾದಿರಾಳಿಗೆ ದಕ್ಕಿದ ಹೊತ್ತು ಕಡಿಮೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಹುಡುಗನ ಕಣ್ಣಿದೆ, ಆದರೆ ಅದು ನೋಡುವುದು ಯಮುನಕ್ಕನ ದುರಂತವನ್ನು. ಹುಡುಗ ಅಲ್ಲಿ ಸಾಕ್ಷಿ. ಹರೆಯ ನಮ್ಮ ಸಾಹಿತ್ಯದಲ್ಲಿ ಬಂದಾಗಲೆಲ್ಲ ಹೀಗೇ, ದೊಡ್ಡವರ ಕತೆಯೊಂದರ ಪಕ್ಕದಲ್ಲಿ ನಿಂತಿರುತ್ತದೆ.

ಕೊರತೆಯ ಬೇರು ಕಪಾಟು ಜೋಡಿಸುವ ರೀತಿಯಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 2011ರಿಂದ ಯುವ ಪುರಸ್ಕಾರ. ಎರಡನೆಯದು 35 ದಾಟದ ಲೇಖಕರಿಗೆ. ಅಲ್ಲಿ ಲೆಕ್ಕಕ್ಕೆ ಬರುವುದು ಬರೆಯುವವರ ವಯಸ್ಸು, ಓದುವವರದಲ್ಲ. ಹೀಗಾಗಿ ಹದಿನೈದರ ಹುಡುಗ ಒಂದೋ ಮಕ್ಕಳ ಸಾಲಿನಲ್ಲಿ ಕೂರಬೇಕು, ಇಲ್ಲವೇ ದೊಡ್ಡವರ ಸಾಲಿಗೆ ಜಿಗಿಯಬೇಕು. ಬಾಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ 2023ರಲ್ಲಿ ಬಾಲ ಸಾಹಿತ್ಯದ ಪ್ರಶಸ್ತಿ ಪಡೆದವು. ಎರಡೂ ಕಾದಂಬರಿಗಳು ಎಂಬುದೇ ಸಮಾಧಾನ. ಆದರೆ ನೀತಿಕತೆಯ ಪರಂಪರೆಯವರು ಇಂದಿಗೂ ಕೊನೆಯ ಪುಟದಲ್ಲಿ ಹುಡುಗನಿಂದ ತಪ್ಪೊಪ್ಪಿಸದೆ ಪುಸ್ತಕ ಮುಚ್ಚುವುದಿಲ್ಲ. ಅವರೊಡನೆ ಈ ಅಂಕಣದ ಜಗಳ ಹಳೆಯದು, ರಾಜಿಯಾಗುವ ಲಕ್ಷಣವೂ ಇಲ್ಲ. ಹರೆಯದ ಓದುಗನಿಗೆ ಉಪದೇಶದ ವಾಸನೆ ಮೊದಲ ಪುಟದಲ್ಲೇ ಹತ್ತುತ್ತದೆ. ಇನ್ನೊಂದು ಕಡೆಯವರು, ಒಳ್ಳೆಯ ಸಾಹಿತ್ಯಕ್ಕೆ ವಯಸ್ಸಿನ ಚೀಟಿ ಯಾಕೆ, ಹುಡುಗರೆಲ್ಲ ತೇಜಸ್ವಿಯವರನ್ನು ಓದುತ್ತಿಲ್ಲವೇ ಎಂದು ಕೇಳುತ್ತಾರೆ. ಓದುತ್ತಾರೆ, ‘ಕರ್ವಾಲೊ’ವನ್ನು ಎದೆಗವಚಿಕೊಂಡು ಓದುತ್ತಾರೆ. ಅದು ಹುಡುಗರನ್ನು ಚಿಕ್ಕವರೆಂದು ಕಾಣದ ಬರವಣಿಗೆ. ಆದರೆ ಅವರು ಅದರಲ್ಲಿ ಹುಡುಕುವುದು ಕಾಡನ್ನು, ಹಾರುವ ಓತಿಯನ್ನು. ಮೈ ಬದಲಾಗುವ ದಿಗಿಲು, ಅಪ್ಪನ ಮೇಲಿನ ಸಿಟ್ಟು, ಗೆಳತಿಯ ಮದುವೆಯ ಕಾರ್ಡು, ಇವಕ್ಕೆ ಬೇರೆ ಪುಸ್ತಕವೇ ಬೇಕು.

ಹಾಗೆ ನೋಡಿದರೆ ಕನ್ನಡದಲ್ಲಿ ಬೆಳೆಯುವ ವಯಸ್ಸಿನ ಅತ್ಯುತ್ತಮ ಬರವಣಿಗೆ ಕಾದಂಬರಿಯಲ್ಲಿಲ್ಲ, ದಲಿತ ಲೇಖಕರ ಆತ್ಮಕಥೆಗಳಲ್ಲಿದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ನಮ್ಮ ಸೀಮೆಗೆ ಹತ್ತಿರದ ಮುದ್ದೇಬಿಹಾಳದ್ದು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಇನ್ನೂ ಮೇಲು. ಅದರ ಆರಂಭದಲ್ಲೇ ಒಂದು ನೋಟವಿದೆ. ಹೊಲದಲ್ಲಿ ನೇಗಿಲು ಹೂಡಿದೆ, ನೊಗಕ್ಕೆ ಹೆಗಲು ಕೊಟ್ಟವು ಎತ್ತುಗಳಲ್ಲ, ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬ ಹುಡುಗನ ಅಪ್ಪ. ಸಿದ್ಧಲಿಂಗಯ್ಯ ಅಲ್ಲಿ ಕೂಗಾಡುವುದಿಲ್ಲ. ಮಗುವಿಗೆ ಕಂಡಷ್ಟನ್ನು, ಮಗುವಿನ ಅಳತೆಯಲ್ಲೇ ಇಟ್ಟು ಮುಂದೆ ಹೋಗುತ್ತಾರೆ. ಹಾಸ್ಟೆಲಿನ ದಿನಗಳನ್ನೂ ಹಾಗೆಯೇ, ಹಸಿವನ್ನೂ ನಗುವನ್ನೂ ಬೇರ್ಪಡಿಸದೆ ಹೇಳುತ್ತಾರೆ. ನವ್ಯರ ಕಾದಂಬರಿಯ ನಾಯಕ ಡಿಗ್ರಿ ಮುಗಿಸಿ, ನಗರದ ಕೋಣೆಯಲ್ಲಿ ಒಂಟಿಯಾಗಿ ಕೂತು ಬೇಸರಪಟ್ಟದ್ದನ್ನು ವಿಮರ್ಶಕರು ಬಹುಕಾಲ ಯೌವನದ ಕತೆ ಎಂದರು. ಸರ್ಕಾರಿ ಹಾಸ್ಟೆಲಿನ ಹುಡುಗನದು ಅದಕ್ಕಿಂತ ನೂರು ಪಾಲು ಸತ್ಯವಾದ ಯೌವನ. ಇದು ಆತ್ಮಕಥೆ, ಕಾದಂಬರಿಯಲ್ಲ ಎನ್ನುವವರಿದ್ದಾರೆ. ಒಪ್ಪಬೇಕಾದ ಮಾತು. ಆದ್ದರಿಂದಲೇ ಇಲ್ಲಿಂದ ಕಲಿತು ಕಾದಂಬರಿ ಬರೆಯುವವರು ಬೇಕು, ಹುಡುಗಿಯರ ಹಾಸ್ಟೆಲಿನ ಕತೆ ಬರೆಯುವವರಂತೂ ಮೊದಲು ಬೇಕು.

ಸಿಸ್ನೆರೋಸ್ ಬರೆಯುವ ವಲಸೆ ಅಮೆರಿಕದ್ದು, ನಮಗೇಕೆ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ಬಸ್ ನಿಲ್ದಾಣದಲ್ಲೇ ಇದೆ. ಈ ಭಾಗದಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದ ಸಂಸಾರಗಳು ಎಷ್ಟೋ. ಗೋವಾದ ವಾಸ್ಕೊ ಊರಿನ ಬೈನಾದಲ್ಲಿ ಕನ್ನಡಿಗರ ಮನೆಗಳು ನೆಲಸಮವಾದದ್ದನ್ನು ಎಲ್ಲರೂ ಪತ್ರಿಕೆಯಲ್ಲಿ ಓದಿದವರೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ ಆಡುವ ಅಲ್ಲಿನ ಹದಿನಾಲ್ಕರ ಹುಡುಗಿ ಶಿರೋಳದ ರೊಟ್ಟಿ ಜಾತ್ರೆಗೆಂದು ಅಜ್ಜಿಯ ಮನೆಗೆ ಬಂದರೆ, ಎರಡೂ ಕಡೆ ಹೊರಗಿನವಳಾಗುವ ಅವಳ ಸಂಕಟ ಎಸ್ಪೆರಾನ್ಸಾಳದಕ್ಕಿಂತ ಯಾವುದರಲ್ಲಿ ಕಡಿಮೆ? ಅವಳು ಪುಸ್ತಕದಲ್ಲಿ “ನಾ ಸಾಲಿ ಬಿಡಂಗಿಲ್ಲ ಯವ್ವಾ” ಎಂದೇ ಅನ್ನಬೇಕು. ಈ ಮಾತು ಮೈಸೂರಿನವರಿಗೆ ತಿಳಿಯದು ಎಂಬ ಪ್ರಕಾಶಕರ ಅಂಜಿಕೆಗೆ ಆಧಾರವಿಲ್ಲ. ದೇವನೂರರ ‘ಕುಸುಮಬಾಲೆ’ ತನ್ನ ಸೀಮೆಯ ಮಾತಿನಲ್ಲೇ ಇದ್ದು 1990ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆಯಿತು. ಧಾರವಾಡದ ಮಾತಿನ ಬೇಂದ್ರೆ ಇಡೀ ನಾಡಿನ ಕವಿಯಾದರು. 1980ರ ಜುಲೈ 21ರ ನರಗುಂದದ ರೈತ ಬಂಡಾಯವನ್ನು ಗೋಲಿಬಾರಿನ ಸದ್ದು ಕೇಳಿದ ಹುಡುಗನೊಬ್ಬನ ಬಾಯಿಂದ ಹೇಳಿಸಬಹುದು, ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಬೆಳೆದ ಹುಡುಗಿಯಿಂದ ಅವಳ ಮನೆಯ ಕತೆ ಹೇಳಿಸಬಹುದು. ಸಾಮಗ್ರಿಗೆ ಬರವಿಲ್ಲ. ನರಗುಂದ, ರೋಣ, ಗಜೇಂದ್ರಗಡದ ಹೈಸ್ಕೂಲು ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ಬಿನ್ನಹ: ಮಕ್ಕಳು ತಮ್ಮ ಮನೆಯ ಮಾತಿನಲ್ಲಿ ಬರೆದ ಪ್ರಬಂಧಕ್ಕೆ ಕೆಂಪು ಗೆರೆ ಎಳೆಯಬೇಡಿ, ಮುಂದಿನ ಪುಟವನ್ನೂ ಬರೆ ಎನ್ನಿ.